ಬದುಕೆಲ್ಲ ಬಳ್ಳಿಯೊಳಗೆ, ಹೊರಗೆ ಬರುವುದು ಹೂವು ಮಾತ್ರ

1818ರ ಮೇ ತಿಂಗಳು. ಸುಮಾತ್ರಾ ದ್ವೀಪದ ಪಶ್ಚಿಮ ಕರಾವಳಿಯ ಬೆಂಕುಲು ಆಗ ಬ್ರಿಟಿಷರು ಕಾಳುಮೆಣಸಿನ ವ್ಯಾಪಾರಕ್ಕೆ ಇಟ್ಟುಕೊಂಡಿದ್ದ ಠಾಣೆ. ಅಲ್ಲಿಗೆ ಹೊಸದಾಗಿ ಬಂದಿದ್ದ ಅಧಿಕಾರಿ ಸ್ಟ್ಯಾಂಫರ್ಡ್ ರಾಫಲ್ಸ್ ಮತ್ತು ಹೆಂಡತಿ ಸೋಫಿಯಾ ಒಳನಾಡು ಸುತ್ತಲು ಹೊರಟಿದ್ದರು. ಜೊತೆಗೆ ಜೋಸೆಫ್ ಆರ್ನಾಲ್ಡ್ ಎಂಬ ವೈದ್ಯ ಇದ್ದ. ಗಿಡ, ಹುಳ, ಪ್ರಾಣಿ ಎಲ್ಲದರ ಹುಚ್ಚು ಅವನಿಗೆ. ಮನ್ನಾ ನದಿ ದಡದ ಪುಲೋ ಲೆಬಾರ್ ಎಂಬಲ್ಲಿ ತಂಗಿದ್ದಾಗ ತಂಡದ ಮಲಯ ಆಳೊಬ್ಬ ಓಡಿಬಂದು ಆರ್ನಾಲ್ಡನನ್ನು ಕರೆದ. ಬನ್ನಿ, ಭಾರೀ ದೊಡ್ಡ ಹೂವು, ನೋಡಬೇಕಾದ್ದು ಅಂದ.

ಕಾಡಿನೊಳಗೆ ನೂರು ಗಜ ನಡೆದರೆ, ಪೊದೆಯ ಕೆಳಗೆ ನೆಲಕ್ಕೆ ಅಂಟಿಕೊಂಡ ಹಾಗೆ ಹೂವು ಅರಳಿತ್ತು. ಆರ್ನಾಲ್ಡ್ ಆ ಆಳಿನ ಕೈಯಲ್ಲಿದ್ದ ಕತ್ತಿ ಕಸಿದುಕೊಂಡು ಹೂವನ್ನು ಕಡಿದು ಬಿಡಾರಕ್ಕೆ ತಂದ. ಅಳೆದರೆ ಅಡ್ಡಗಲ ಒಂದು ಗಜಕ್ಕಿಂತ ಸ್ವಲ್ಪ ಜಾಸ್ತಿ. ತೂಕ 15 ಪೌಂಡ್, ಅಂದರೆ ಹತ್ತಿರ ಹತ್ತಿರ 7 ಕೆ.ಜಿ. ನಡುವಿನ ಬಟ್ಟಲಿನಲ್ಲಿ ಸುಮಾರು ಆರು ಲೀಟರ್ ನೀರು ಹಿಡಿಯಬಹುದು ಎಂದು ಅಂದಾಜು ಮಾಡಿದ. ಕೆಟ್ಟ ದನದ ಮಾಂಸದ ವಾಸನೆ, ಮೇಲೆ ನೊಣಗಳ ಹಿಂಡು. ಸಾಕ್ಷಿಗೆ ಬೇರೆಯವರು ಇಲ್ಲದಿದ್ದರೆ ಈ ಅಳತೆ ಹೇಳಲು ನನಗೇ ಅಂಜಿಕೆಯಾಗುತ್ತಿತ್ತು ಎಂಬ ಅರ್ಥದಲ್ಲಿ ಆತ ಪತ್ರದಲ್ಲಿ ಬರೆದುಕೊಂಡಿದ್ದಾನೆ.

ಆ ಪತ್ರದಲ್ಲೇ ಇನ್ನೊಂದು ಸಣ್ಣ ವಿವರ ಇದೆ. ಓದುವವರು ಅದನ್ನು ಸುಮ್ನೆ ದಾಟಿಬಿಡುತ್ತಾರೆ. ಕಡಿಯುವಾಗ ನೋಡಿದರೆ ಹೂವು ಎರಡು ಬೆರಳು ದಪ್ಪದ, ನೆಲದ ಮೇಲೆ ಅಡ್ಡಡ್ಡ ಹರಿದಿದ್ದ ಒಂದು ಬೇರಿನಿಂದ ಹೊರಟಿತ್ತು. ಕಾಂಡ ಇಲ್ಲ. ಎಲೆ ಒಂದೂ ಇಲ್ಲ. ಏಳು ಕೆ.ಜಿ. ಹೂವಿಗೆ ಆಧಾರವಾಗಿ ಇದ್ದದ್ದು ಆ ಬೇರಿನ ತುಂಡು ಮಾತ್ರ. ಅದೂ ಈ ಹೂವಿನದಲ್ಲ, ಬೇರೆ ಗಿಡದ್ದು.

ಆರ್ನಾಲ್ಡ್ ಅದೇ ವರ್ಷ ಜ್ವರ ಬಂದು ಸುಮಾತ್ರಾದಲ್ಲೇ ತೀರಿಕೊಂಡ. ಮಾದರಿ ಲಂಡನ್ ಸೇರಿತು. ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಅದನ್ನು ಅಭ್ಯಾಸ ಮಾಡಿ ರಫ್ಲೇಶಿಯಾ ಆರ್ನಾಲ್ಡಿ ಎಂದು ಹೆಸರಿಟ್ಟರು. ಶಾಲೆಯಲ್ಲಿ ಬ್ರೌನಿಯನ್ ಚಲನೆ ಅಂತ ಓದುತ್ತೇವಲ್ಲ, ಅದೇ ಬ್ರೌನ್. ಹೆಸರಿನಲ್ಲಿ ಅಧಿಕಾರಿಗೂ ಜಾಗ ಸಿಕ್ಕಿತು, ಡಾಕ್ಟರಿಗೂ ಸಿಕ್ಕಿತು. ಮೊದಲು ಕಂಡ ಆಳಿನ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಇನ್ನೂ ಒಬ್ಬರಿಗೆ ಅನ್ಯಾಯವಾಗಿದೆ. 1797ರಲ್ಲೇ ಫ್ರಾನ್ಸಿನ ಲೂಯಿ ಡೆಶಾಂ ಎಂಬ ವೈದ್ಯ ಜಾವಾದಲ್ಲಿ ಇದೇ ಕುಲದ ಇನ್ನೊಂದು ಹೂವನ್ನು ಹಿಡಿದು ಚಿತ್ರ ಬರೆದಿದ್ದ. ಊರಿಗೆ ಮರಳುವಾಗ ಅವನ ಹಡಗನ್ನು ಬ್ರಿಟಿಷರು ಹಿಡಿದರು, ಕಾಗದಪತ್ರವೆಲ್ಲ ಅವರ ಪಾಲಾಯಿತು.

ಗಿನ್ನೆಸ್ ದಾಖಲೆ, ಜಗತ್ತಿನ ಅತಿ ದೊಡ್ಡ ಹೂವು, ಒಂದು ಮೀಟರ್ ಅಗಲ. ಇಷ್ಟು ಎಲ್ಲರಿಗೂ ಗೊತ್ತು. ನನಗೆ ಗಾತ್ರಕ್ಕಿಂತ ಆ ಎರಡು ಬೆರಳು ದಪ್ಪದ ಬೇರೇ ಜಾಸ್ತಿ ಕುತೂಹಲದ್ದು. ಈ ಗಿಡದ ಅಸಲಿ ಕಥೆ ನಡೆಯುವುದು ಅದರೊಳಗೆ.

ಬಂದಳಿಕೆಯಿಂದ ಶುರು ಮಾಡೋಣ

ಪರಾವಲಂಬಿ ಗಿಡ ಎಂದರೆ ನಮಗೆ ಹೊಸದಲ್ಲ. ಹಳೆಯ ಮಾವಿನ ಮರ ಇರುವ ತೋಟದಲ್ಲಿ ಬಂದಳಿಕೆ ಇದ್ದೇ ಇರುತ್ತದೆ. ಕೆಲವು ಕಡೆ ಬದನಿಕೆ ಅಂತಲೂ ಕರೆಯುತ್ತಾರೆ. ಮಾವಿನ ಕೊಂಬೆಯ ಮೇಲೆ ಕೂತು, ಕೊಂಬೆಯೊಳಗೆ ಬೇರಿನಂಥ ಅಂಗ ಇಳಿಸಿ, ನೀರು ಮತ್ತು ಲವಣ ಹೀರುತ್ತದೆ. ಆದರೆ ಬಂದಳಿಕೆಗೆ ತನ್ನದೇ ಹಸಿರು ಎಲೆ ಇದೆ. ಬಿಸಿಲಲ್ಲಿ ಅಡುಗೆ ಅದೇ ಮಾಡಿಕೊಳ್ಳುತ್ತದೆ. ಕದಿಯುವುದು ಸಾಮಾನು ಮಾತ್ರ.

ನಮ್ಮ ಶ್ರೀಗಂಧವೂ ಅರೆ ಪರಾವಲಂಬಿಯೇ. ನೋಡಲು ಗಂಭೀರ ಮರ, ಆದರೆ ನೆಲದಡಿ ಅದರ ಬೇರು ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿರುತ್ತದೆ. ಅದಕ್ಕೇ ಗಂಧದ ಸಸಿ ನೆಡುವ ರೈತರು ಪಕ್ಕದಲ್ಲಿ ತೊಗರಿ ಹಾಕುತ್ತಾರೆ, ಆಮೇಲೆ ಸರ್ವೆಯಂಥ ಮರ ಬೆಳೆಸುತ್ತಾರೆ. ಆಸರೆ ಗಿಡ ಇಲ್ಲದಿದ್ದರೆ ಗಂಧ ಸೊರಗುತ್ತದೆ.

ಈ ದಾರಿಯಲ್ಲಿ ಒಂದೊಂದೇ ಹೆಜ್ಜೆ ಮುಂದೆ ಹೋದರೆ ಏನಾಗುತ್ತದೆ ನೋಡಿ. ಊಟವೂ ಆಸರೆ ಗಿಡದಿಂದಲೇ ಬರುವುದಾದರೆ ಎಲೆ ಯಾಕೆ? ಎಲೆ ಇಲ್ಲದ ಮೇಲೆ ಅದನ್ನು ಎತ್ತಿ ಹಿಡಿಯುವ ಕಾಂಡ ಯಾಕೆ? ನೀರನ್ನೂ ಬೇರೆಯವರೇ ತಂದುಕೊಟ್ಟರೆ ಬೇರು ಯಾಕೆ? ಪತ್ರಹರಿತ್ತು ಯಾಕೆ? ರಫ್ಲೇಶಿಯಾ ಇದನ್ನೆಲ್ಲ ಬಿಟ್ಟುಬಿಟ್ಟಿದೆ. ಬಿಡಲಾಗದೆ ಉಳಿಸಿಕೊಂಡದ್ದು ಎರಡೇ: ಹೀರಿಕೊಳ್ಳುವ ಎಳೆಗಳು ಮತ್ತು ಸಂತಾನಕ್ಕೆ ಬೇಕಾದ ಹೂವು.

ಆ ಎಳೆಗಳು ಇರುವುದು ಟೆಟ್ರಾಸ್ಟಿಗ್ಮಾ ಎಂಬ ಕಾಡುಬಳ್ಳಿಯ ಒಳಗೆ. ದ್ರಾಕ್ಷಿಯ ಕುಟುಂಬದ ಬಳ್ಳಿ ಇದು. ನಮ್ಮ ಮಂಗರಬಳ್ಳಿಯೂ ಅದೇ ಕುಟುಂಬ. ಸಾಲಾಗಿ ಜೋಡಿಸಿದ ಕೆಲವೇ ಜೀವಕೋಶಗಳ ದಾರಗಳು ಬಳ್ಳಿಯ ಕಾಂಡ ಮತ್ತು ಬೇರಿನ ಅಂಗಾಂಶದ ನಡುವೆ ಹರಡಿಕೊಂಡಿರುತ್ತವೆ. ಬಳ್ಳಿಯನ್ನು ಅಡ್ಡಕ್ಕೆ ಕತ್ತರಿಸಿದರೂ ಬರಿಗಣ್ಣಿಗೆ ಏನೂ ಸಿಗದು. ತೆಳ್ಳಗೆ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಇಟ್ಟರೆ ಕಾಣಬಹುದು. ಅಣಬೆಯನ್ನು ನೆನೆಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ. ಮಳೆ ಬಂದಾಗ ಮೇಲೆ ಏಳುವ ಕೊಡೆ ಅಣಬೆಯ ಒಂದು ಭಾಗ ಅಷ್ಟೇ, ಜೀವ ಇರುವುದು ಮಣ್ಣೊಳಗೆ ಹಬ್ಬಿದ ಬಿಳಿ ಎಳೆಗಳಲ್ಲಿ. ರಫ್ಲೇಶಿಯಾಕ್ಕೆ ಆ ಮಣ್ಣಿನ ಜಾಗದಲ್ಲಿ ಬಳ್ಳಿ ಇದೆ.

ಹಾಗಾಗಿ ಕಾಡಿನಲ್ಲಿ ರಫ್ಲೇಶಿಯಾ ಇದೆಯೋ ಇಲ್ಲವೋ ಎಂದು ಹೇಳುವುದೇ ಕಷ್ಟ. ವರ್ಷಗಟ್ಟಲೆ ಬಳ್ಳಿಯೊಳಗೆ ಸುಮ್ಮನಿರಬಹುದು. ಬಳ್ಳಿ ಅದರಿಂದ ಸಾಯುವುದಿಲ್ಲ, ಹೊರಗೆ ರೋಗದ ಲಕ್ಷಣವೂ ಕಾಣುವುದಿಲ್ಲ. ಮೊಗ್ಗು ಬಂದಾಗಲೇ ಸುದ್ದಿ. 2016ರಲ್ಲಿ ಹೊಸ ಜಾತಿ ಎಂದು ಘೋಷಿಸಲಾದ ರಫ್ಲೇಶಿಯಾ ಕನ್ಸುಯೆಲೋಯೆ ಸಿಕ್ಕಿದ್ದೂ ಹೀಗೇ. ಫಿಲಿಪ್ಪೀನ್ಸಿನ ಲುಜಾನ್ ದ್ವೀಪದ ಕಾಡಿನಲ್ಲಿ ಕೆಲಸ ಮಾಡುತ್ತಿದ್ದ ಸಹಾಯಕರೊಬ್ಬರು ತರಗೆಲೆಯ ರಾಶಿಗೆ ಎಡವಿದರು, ಕೆಳಗೆ ಕೊಳೆಯುತ್ತಿದ್ದ ಹೂವು ಕಾಣಿಸಿತು. ಅದರ ಹೂವು ಸರಾಸರಿ 10 ಸೆಂಟಿಮೀಟರ್ ಕೂಡ ಇಲ್ಲ. ರಫ್ಲೇಶಿಯಾ ಎಂದ ಮಾತ್ರಕ್ಕೆ ಎಲ್ಲವೂ ದೈತ್ಯ ಅಂದುಕೊಳ್ಳಬೇಡಿ. ಇಂಡೊನೇಷ್ಯಾ, ಮಲೇಷ್ಯಾ, ಫಿಲಿಪ್ಪೀನ್ಸ್, ಥಾಯ್ಲೆಂಡ್ ಸೇರಿ 40ಕ್ಕೂ ಹೆಚ್ಚು ಜಾತಿಗಳಿವೆ, ಅಂಗೈಯಗಲದಿಂದ ಮೀಟರಿನವರೆಗೆ.

ತಿಂಗಳುಗಟ್ಟಲೆ ಮೊಗ್ಗು, ಒಂದು ವಾರ ಹೂವು

ಬಳ್ಳಿಯ ತೊಗಟೆಯ ಕೆಳಗೆ ಮೊದಲು ಸಣ್ಣ ಗಂಟು ಏಳುತ್ತದೆ. ಅದು ದಪ್ಪವಾಗುತ್ತಾ ತೊಗಟೆಯನ್ನು ಒಡೆದುಕೊಂಡು ಹೊರಬರುತ್ತದೆ. ಕಂದು ಬಣ್ಣದ, ಪದರ ಪದರ ಸುತ್ತಿದ ಉಂಡೆ. ಜಾತಿ ನೋಡಿಕೊಂಡು ಆರು, ಒಂಬತ್ತು ತಿಂಗಳು, ಕೆಲವಕ್ಕೆ ಇನ್ನೂ ಜಾಸ್ತಿ ಸಮಯ ಬೆಳೆಯುತ್ತಲೇ ಇರುತ್ತದೆ. ಹೆಚ್ಚಿನ ಮೊಗ್ಗು ಅರಳುವ ಮಟ್ಟಕ್ಕೆ ಬರುವುದೇ ಇಲ್ಲ. ಜೋರು ಮಳೆಗೆ ಕೊಳೆಯುತ್ತವೆ, ಕಾಡುಪ್ರಾಣಿ ಕಚ್ಚಿ ಹಾಕುತ್ತವೆ, ಯಾರೋ ತುಳಿಯುತ್ತಾರೆ. ಮಲೇಷ್ಯಾ ಮತ್ತು ಥಾಯ್ಲೆಂಡಿನ ಕೆಲವು ಭಾಗಗಳಲ್ಲಿ ಬಾಣಂತಿಯರ ಔಷಧಿಗೆಂದು ಮೊಗ್ಗು ಕಿತ್ತು ಮಾರುವುದೂ ಉಂಟು.

ಉಳಿದುಕೊಂಡದ್ದು ಸಾಮಾನ್ಯವಾಗಿ ರಾತ್ರಿ ಹೊತ್ತು ಬಿರಿಯಲು ಶುರುವಾಗುತ್ತದೆ. ಐದು ದಪ್ಪ ದಳಗಳು. ಇಟ್ಟಿಗೆ ಕೆಂಪು ಬಣ್ಣ, ಅದರ ಮೇಲೆ ಬಿಳಿಚು ಮಚ್ಚೆ. ಮುಟ್ಟಿದರೆ ತೊಗಲಿನ ಹಾಗೆ ಗಟ್ಟಿ. ನಡುವೆ ಆಳವಾದ ಬಟ್ಟಲು, ಬಟ್ಟಲ ಮೇಲೆ ಅರ್ಧ ಮುಚ್ಚಿದ ಮುಚ್ಚಳದ ಥರ ಒಂದು ಪದರ, ಅದರ ನಡುವೆ ತೂತು. ಒಳಗೆ ತಳದಲ್ಲಿ ಒಂದು ತಟ್ಟೆ, ತಟ್ಟೆಯ ಮೇಲೆಲ್ಲ ಮೇಲ್ಮುಖವಾಗಿ ಎದ್ದ ಮುಳ್ಳಿನಂಥ ಗೂಟಗಳು. ಐದಾರು ದಿನ, ತಪ್ಪಿದರೆ ಏಳು. ಆಮೇಲೆ ಕಪ್ಪಾಗಿ ಕುಸಿದು ಲೋಳೆಯಾಗುತ್ತದೆ.

ಈ ಐದಾರು ದಿನದಲ್ಲಿ ಆಗಬೇಕಾದ ಕೆಲಸ ಚಿಕ್ಕದೇನಲ್ಲ. ರಫ್ಲೇಶಿಯಾದ ಹೆಚ್ಚಿನ ಜಾತಿಗಳಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ತಲುಪಬೇಕು. ಅಂದರೆ ನೊಣ ಹಾರಿಬರುವಷ್ಟು ದೂರದಲ್ಲಿ, ಅದೇ ಸಮಯಕ್ಕೆ, ಎರಡೂ ಅರಳಿರಬೇಕು. ಎಂಟೊಂಬತ್ತು ತಿಂಗಳ ಮೊಗ್ಗು, ಹೆಚ್ಚಿನವು ಸಾಯುತ್ತವೆ, ಉಳಿದದ್ದು ಒಂದು ವಾರ ಬಾಳುತ್ತದೆ. ಲೆಕ್ಕ ಹಾಕಿದರೆ ಈ ವಂಶ ಉಳಿದದ್ದೇ ಆಶ್ಚರ್ಯ ಅನ್ನಿಸುತ್ತದೆ ಅಲ್ವಾ?

ನೊಣಕ್ಕೆ ಆಗುವುದು ಶುದ್ಧ ಮೋಸ. ಹಸಿರು-ನೀಲಿ ಹೊಳೆಯುವ ದೊಡ್ಡ ನೊಣಗಳು ಸತ್ತ ಪ್ರಾಣಿ ಹುಡುಕಿಕೊಂಡು ಹೋಗಿ ಮೊಟ್ಟೆ ಇಡುತ್ತವೆ. ರಫ್ಲೇಶಿಯಾದ ವಾಸನೆಯಲ್ಲಿ ಗಂಧಕ ಸೇರಿದ ಸಂಯುಕ್ತಗಳಿವೆ, ಮಾಂಸ ಕೊಳೆತಾಗ ಹೊರಬರುವಂಥವೇ. ಬಣ್ಣವೂ ಮಾಂಸದ್ದೇ. ನೊಣ ಬಂದು ತೂತಿನೊಳಗೆ ಇಳಿಯುತ್ತದೆ. ಅಲ್ಲಿ ಜೇನೂ ಇಲ್ಲ, ಹೆಣವೂ ಇಲ್ಲ. ಹುಡುಕುತ್ತಾ ತಟ್ಟೆಯ ಅಂಚಿನ ಕೆಳಗಿನ ಸಂದಿಗೆ ನುಗ್ಗುತ್ತದೆ. ಗಂಡು ಹೂವಿನಲ್ಲಿ ಪರಾಗಕೋಶ ಇರುವುದು ಸರಿಯಾಗಿ ಅಲ್ಲೇ, ಅಂಚಿನ ಅಡಿಯಲ್ಲಿ, ಕೆಳಮುಖವಾಗಿ. ಸಂದಿ ಎಷ್ಟು ಇಕ್ಕಟ್ಟು ಎಂದರೆ ನೊಣದ ಬೆನ್ನು ಅದಕ್ಕೆ ತಗುಲಲೇಬೇಕು.

ಬೇರೆ ಹೂಗಳ ಪರಾಗ ಪುಡಿಯಾಗಿರುತ್ತದೆ, ಇದರದ್ದು ಗಂಜಿಯಂತೆ ಅಂಟು. ನೊಣದ ಬೆನ್ನಿಗೆ ಮೆತ್ತಿಕೊಂಡು ಅಲ್ಲೇ ಒಣಗಿ ಗಟ್ಟಿಯಾಗುತ್ತದೆ. ಕೈಕಾಲಿಗೆ ಸಿಗದ ಜಾಗ, ನೊಣ ಒರೆಸಿಕೊಳ್ಳಲೂ ಆಗದು. ಆಮೇಲೆ ಅದೇ ನೊಣ ಹೆಣ್ಣು ಹೂವಿನ ಸಂದಿಗೆ ನುಗ್ಗಿದಾಗ ಅಲ್ಲಿನ ತೇವಕ್ಕೆ ಒಣ ಪರಾಗ ಮತ್ತೆ ಮೆದುವಾಗಿ ಅಂಟಿಕೊಳ್ಳುತ್ತದೆ. ನೊಣಕ್ಕೆ ಸಂಬಳ ಇಲ್ಲ. ಹೂವಿನ ಮೇಲೆ ಮೊಟ್ಟೆ ಇಟ್ಟರೂ ಮರಿಗಳಿಗೆ ತಿನ್ನಲು ಅಲ್ಲಿ ಮಾಂಸ ಇರುವುದಿಲ್ಲ.

ಕಾಯಿ ಹಣ್ಣಾಗಲು ಮತ್ತೆ ಆರೇಳು ತಿಂಗಳು. ಒಳಗೆ ಕಣ್ಣಿಗೆ ಕಷ್ಟಪಟ್ಟು ಕಾಣುವಷ್ಟು ಸಣ್ಣ ಸಾವಿರಾರು ಬೀಜ. ಬೋರ್ನಿಯೋದಲ್ಲಿ ಅಳಿಲು, ಮತ್ತು ಅಳಿಲಿನಂತೆಯೇ ಕಾಣುವ ಟ್ರೀಶ್ರೂ, ಈ ಹಣ್ಣು ತಿನ್ನುವುದನ್ನು ಸಂಶೋಧಕರು ಕಂಡಿದ್ದಾರೆ. ಇರುವೆಗಳೂ ಬೀಜ ಹೊರುತ್ತಿರಬಹುದು ಎಂಬ ಅನುಮಾನ ಇದೆ. ಬೀಜ ಬಳ್ಳಿಯೊಳಗೆ ಹೇಗೆ ನುಗ್ಗುತ್ತದೆ ಎಂಬುದು ಮಾತ್ರ ಎರಡು ಶತಮಾನ ಕಳೆದರೂ ಬಿಡಿಸದ ಗಂಟು. ಕಾಡಿನಲ್ಲಿ ಆ ಕ್ಷಣವನ್ನು ಹಿಡಿಯುವುದು ಯಾರಿಗೂ ಸುಲಭವಾಗಿಲ್ಲ. ಬೀಜ ಅಷ್ಟು ಸಣ್ಣದು, ನಡೆಯುವ ಕೆಲಸ ತೊಗಟೆಯ ಒಳಗೆ.

ಇಷ್ಟು ದೊಡ್ಡದು ಯಾಕೆ?

ಎಲೆ, ಕಾಂಡ, ಬೇರು ಏನೂ ಇಲ್ಲದ ಗಿಡದ ವಂಶಾವಳಿ ಬರೆಯುವುದು ಕಷ್ಟದ ಕೆಲಸ. ಸಸ್ಯವಿಜ್ಞಾನಿಗಳು ಯಾವ ಗಿಡ ಯಾರ ನೆಂಟ ಎಂದು ಹೇಳಲು ನೋಡುವ ಲಕ್ಷಣಗಳೇ ಇಲ್ಲಿ ಮಾಯ. ಹೂವೂ ವಿಚಿತ್ರ. ಹಾಗಾಗಿ ರಫ್ಲೇಶಿಯಾವನ್ನು ಎಲ್ಲಿಡಬೇಕು ಎಂದು ಬಹಳ ಕಾಲ ಜಗಳವೇ ನಡೆಯಿತು.

2007ರಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ಡೇವಿಸ್ ಮತ್ತು ಸಂಗಡಿಗರು ಡಿ.ಎನ್.ಎ. ಆಧಾರದ ಮೇಲೆ ಉತ್ತರ ಕೊಟ್ಟರು. ಯಾರೂ ಊಹಿಸದ ಮನೆ ಅದು. ಹರಳು, ಮರಗೆಣಸು, ರಬ್ಬರ್ ಸೇರಿರುವ ಕುಟುಂಬವೇ ರಫ್ಲೇಶಿಯಾದ ತವರು. ಹರಳಿನ ಹೂವನ್ನು ಒಮ್ಮೆ ನೋಡಿ. ದಳ ಇಲ್ಲ, ಚೆಂದ ಇಲ್ಲ, ಗೊಂಚಲಾಗಿ ನಿಂತಿರುತ್ತದೆ, ಒಂದೊಂದೂ ಗುಂಡಿಯಷ್ಟು ಗಾತ್ರ. ಈ ಕುಟುಂಬದ ಹೂವುಗಳೆಲ್ಲ ಸಣ್ಣವೇ. ಅಂಥ ಮನೆಯಿಂದ ಹೊರಟ ಒಂದು ಕವಲು ಸುಮಾರು 4.6 ಕೋಟಿ ವರ್ಷದ ಅವಧಿಯಲ್ಲಿ ಹೂವಿನ ಗಾತ್ರವನ್ನು 79 ಪಟ್ಟು ಹಿಗ್ಗಿಸಿಕೊಂಡಿತು ಎಂದು ಆ ತಂಡ ಲೆಕ್ಕ ಹಾಕಿತು. ಆಮೇಲೆ ಆ ವೇಗ ಕಡಿಮೆಯಾಗಿದೆ.

ಯಾಕೆ ಎಂಬುದಕ್ಕೆ ನನಗೆ ಒಪ್ಪಿಗೆಯಾಗುವ ವಿವರಣೆ ಇದು. ಮಳೆಕಾಡಿನ ನೆಲದಲ್ಲಿ ಕತ್ತಲು ಜಾಸ್ತಿ, ಗಾಳಿ ಆಡುವುದಿಲ್ಲ. ಹೆಣ ಹುಡುಕುವ ನೊಣಕ್ಕೆ ದೊಡ್ಡ ಹೆಣ ಬೇಕು. ದೊಡ್ಡ ಹೂವು ಜಾಸ್ತಿ ವಾಸನೆ ಹರಡುತ್ತದೆ, ದೂರದಿಂದ ಕಾಣುತ್ತದೆ, ದೊಡ್ಡ ಸತ್ತ ಪ್ರಾಣಿ ಅನ್ನಿಸಿಕೊಳ್ಳುತ್ತದೆ. ಖರ್ಚಿನ ಚಿಂತೆಯೂ ಈ ಗಿಡಕ್ಕಿಲ್ಲ. ಬೇರೆ ಗಿಡಗಳು ಎಲೆ, ಕಾಂಡ, ಬೇರು, ಹೂವು ಎಲ್ಲಕ್ಕೂ ದುಡಿದ ಸಕ್ಕರೆಯನ್ನು ಹಂಚಬೇಕು. ರಫ್ಲೇಶಿಯಾ ದುಡಿಯುವುದೇ ಇಲ್ಲ. ಬಳ್ಳಿ ಮರದ ತುದಿಯಲ್ಲಿ ಬಿಸಿಲಿಗೆ ಎಲೆ ಹರಡಿ ತಯಾರಿಸಿದ್ದನ್ನು ಹೀರಿ, ಬಂದದ್ದನ್ನೆಲ್ಲ ಒಂದೇ ಹೂವಿಗೆ ಸುರಿಯುತ್ತದೆ.

ಜೀನನ್ನೂ ಕದ್ದ ಕಳ್ಳ

2004ರಲ್ಲಿ, ಈ ವಂಶಾವಳಿ ಬಿಡಿಸುವ ಪ್ರಯತ್ನದಲ್ಲೇ, ಒಂದು ವಿಚಿತ್ರ ಎದುರಾಗಿತ್ತು. ರಫ್ಲೇಶಿಯಾದ ಮೈಟೋಕಾಂಡ್ರಿಯಾದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಅಂಗ, ಅದಕ್ಕೂ ತನ್ನದೇ ಡಿ.ಎನ್.ಎ. ಇರುತ್ತದೆ) ಒಂದು ಜೀನ್ ತುಣುಕನ್ನು ಇಟ್ಟುಕೊಂಡು ನೋಡಿದರೆ ಅದು ದ್ರಾಕ್ಷಿ ಕುಟುಂಬದ ಗಿಡ ಎನ್ನುತ್ತಿತ್ತು. ಬೇರೆ ಜೀನ್ ನೋಡಿದರೆ ಇನ್ನೆಲ್ಲೋ ತೋರಿಸುತ್ತಿತ್ತು. ಮಾದರಿಗೆ ಬಳ್ಳಿಯ ಡಿ.ಎನ್.ಎ. ಬೆರೆತಿರಬಹುದು ಎಂಬುದು ಯಾರಿಗಾದರೂ ಮೊದಲು ಬರುವ ಸಂಶಯ. ಪರಿಶೀಲಿಸಿದರೆ ಹಾಗೇನೂ ಇರಲಿಲ್ಲ. ಆಸರೆ ಕೊಟ್ಟ ಬಳ್ಳಿಯ ಜೀನ್ ನಿಜವಾಗಿಯೂ ರಫ್ಲೇಶಿಯಾದ ಜೀವಕೋಶದೊಳಗೆ ಸೇರಿ ಅದರದೇ ಆಗಿಬಿಟ್ಟಿತ್ತು.

ಜೀನ್ ಎಂದರೆ ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವುದು ಎಂದು ನಾವು ಓದಿರುವುದು. ಬ್ಯಾಕ್ಟೀರಿಯಾಗಳು ಅಕ್ಕಪಕ್ಕದವರೊಡನೆ ಜೀನ್ ಕೊಟ್ಟು ತೆಗೆದುಕೊಳ್ಳುವುದು ಮಾಮೂಲು. ದೊಡ್ಡ ಗಿಡಗಳಲ್ಲಿ ಅದು ಅಪರೂಪ. ಆದರೆ ಇಲ್ಲಿ ಎರಡು ಗಿಡಗಳ ಜೀವಕೋಶಗಳು ಕೋಟ್ಯಂತರ ವರ್ಷ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕಿವೆ, ನಡುವೆ ರಸ ಹರಿಯುತ್ತಲೇ ಇದೆ. ಆಗೊಮ್ಮೆ ಈಗೊಮ್ಮೆ ತುಣುಕು ಆ ಕಡೆಯಿಂದ ಈ ಕಡೆಗೆ ದಾಟಿದೆ.

ಆಮೇಲಿನ ಅಧ್ಯಯನಗಳು ಇದರ ಪ್ರಮಾಣ ತೋರಿಸಿದವು. 2012ರಲ್ಲಿ ಮಲೇಷ್ಯಾದ ರಫ್ಲೇಶಿಯಾ ಕಾಂಟ್ಲೆಯಿ ಜಾತಿಯಲ್ಲಿ, ಕೆಲಸ ಮಾಡುತ್ತಿರುವ ಜೀನುಗಳ ಪೈಕಿ ಶೇ 2ರಷ್ಟು ಬಳ್ಳಿಯಿಂದ ಬಂದವು ಎಂದು ಕಂಡಿತು. 2013ರಲ್ಲಿ ಇದೇ ಕುಟುಂಬದ ಗಿಡಗಳ ಮೈಟೋಕಾಂಡ್ರಿಯಾ ಜೀನುಗಳನ್ನು ನೋಡಿದಾಗ ಶೇ 24ರಿಂದ 41ರವರೆಗೆ ಹೊರಗಿನವು ಎಂಬ ಲೆಕ್ಕ ಬಂತು. ನನ್ನ ಮಟ್ಟಿಗೆ ಒಂದು ಮೀಟರ್ ಅಗಲಕ್ಕಿಂತ ಈ ಶೇ 41 ದೊಡ್ಡ ದಾಖಲೆ.

ಕದ್ದದ್ದು ಒಂದು ಕಡೆಯಾದರೆ ಕಳೆದುಕೊಂಡದ್ದು ಇನ್ನೊಂದು ಕಡೆ. ಹಸಿರು ಗಿಡಗಳ ಜೀವಕೋಶದಲ್ಲಿ ಕ್ಲೋರೋಪ್ಲಾಸ್ಟ್ ಎಂಬ ಪುಟ್ಟ ಅಂಗ ಇರುತ್ತದೆ, ಬಿಸಿಲಿನಿಂದ ಆಹಾರ ತಯಾರಾಗುವುದು ಅಲ್ಲಿ. ಅದಕ್ಕೆ ತನ್ನದೇ ಪುಟ್ಟ ಡಿ.ಎನ್.ಎ. ಇರುತ್ತದೆ. ಬೇರೆ ಪರಾವಲಂಬಿ ಗಿಡಗಳು ಹಸಿರು ಕಳೆದುಕೊಂಡರೂ ಈ ಡಿ.ಎನ್.ಎ.ಯ ಚೂರುಪಾರನ್ನು ಉಳಿಸಿಕೊಂಡಿರುತ್ತವೆ. 2014ರಲ್ಲಿ ಲುಜಾನ್ ದ್ವೀಪದ ರಫ್ಲೇಶಿಯಾ ಲಗಾಸ್ಕೇಯಲ್ಲಿ ಅದನ್ನು ಹುಡುಕಿದ ತಂಡಕ್ಕೆ ಅದು ಸಿಗಲೇ ಇಲ್ಲ. ಹೂಬಿಡುವ ಗಿಡವೊಂದು ಅದನ್ನು ಪೂರ್ತಿ ಕೈಬಿಟ್ಟಿರಬಹುದು ಎಂದಾಗ ನಂಬಲು ಹಿಂಜರಿದವರೇ ಜಾಸ್ತಿ.

ಅದಕ್ಕೆ ಬಲ ಬಂದದ್ದು 2021ರಲ್ಲಿ, ರಫ್ಲೇಶಿಯಾದ ಹತ್ತಿರದ ನೆಂಟ ಸಪ್ರಿಯಾ ಹಿಮಾಲಯಾನಾದಿಂದ. ಸಪ್ರಿಯಾ ನಮ್ಮ ದೇಶದಲ್ಲೇ ಇದೆ. ಅರುಣಾಚಲದ ನಾಮ್ದಾಫಾ ಸೇರಿ ಈಶಾನ್ಯದ ಕಾಡುಗಳಲ್ಲಿ, ಅದೇ ಟೆಟ್ರಾಸ್ಟಿಗ್ಮಾ ಬೇರಿನ ಮೇಲೆ ಅರಳುತ್ತದೆ. ಸುಮಾರು 20 ಸೆಂಟಿಮೀಟರ್ ಅಗಲ, ಕಡು ಕೆಂಪು, ಮೈತುಂಬ ಹಳದಿ ಚುಕ್ಕೆ. ಭಾರತದ ಪರಾವಲಂಬಿ ಹೂವುಗಳಲ್ಲಿ ಇಷ್ಟು ದೊಡ್ಡದು ಬೇರೊಂದಿಲ್ಲ. ಅದರ ಜೀನೋಮ್, ಅಂದರೆ ಡಿ.ಎನ್.ಎ.ಯ ಪೂರ್ತಿ ಬರಹ, ಓದಿದಾಗ, ಬೇರೆಲ್ಲ ಹೂಗಿಡಗಳು ಜೋಪಾನವಾಗಿ ಕಾಪಾಡಿಕೊಂಡು ಬಂದ ಜೀನುಗಳಲ್ಲಿ ಶೇ 44ರಷ್ಟು ಕಾಣೆಯಾಗಿದ್ದವು. ಕ್ಲೋರೋಪ್ಲಾಸ್ಟ್ ಜೀನೋಮ್ ಇಲ್ಲಿಯೂ ಇರಲಿಲ್ಲ. ಬರ ಬಂದಾಗ ಗಿಡ ತನ್ನನ್ನು ಕಾಪಾಡಿಕೊಳ್ಳಲು ತಯಾರಿಸುವ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನ್ ಇದೆಯಲ್ಲ, ಅದನ್ನು ತಯಾರಿಸುವ ಜೀನುಗಳೂ ಹೋಗಿದ್ದವು. ಬರದ ಚಿಂತೆ ಬಳ್ಳಿಗೆ ಇರಲಿ, ನನಗೇಕೆ ಎಂಬಂಥ ಬದುಕು.

ಒಂದು ಕುತೂಹಲದ ವಿಷಯ. ಟೆಟ್ರಾಸ್ಟಿಗ್ಮಾ ಬಳ್ಳಿಯ ಕೆಲವು ಜಾತಿಗಳು ನಮ್ಮ ಪಶ್ಚಿಮ ಘಟ್ಟದಲ್ಲೂ ಇವೆ. ಮಳೆಯೂ ಇದೆ, ನೆರಳೂ ಇದೆ, ನೊಣವಂತೂ ಬೇಕಾದಷ್ಟು. ಆದರೂ ರಫ್ಲೇಶಿಯಾ ಇಲ್ಲಿಲ್ಲ. ಕುಲ ಹುಟ್ಟಿ ಬೆಳೆದದ್ದು ಆಗ್ನೇಯ ಏಷ್ಯಾದಲ್ಲಿ, ಅಳಿಲು ಮತ್ತು ಇರುವೆ ಹೊತ್ತೊಯ್ಯುವ ಬೀಜ ಎಷ್ಟು ದೂರ ಬಂದೀತು?

ಸುವರ್ಣಗೆಡ್ಡೆಯ ಅಣ್ಣನನ್ನು ಇದರೊಡನೆ ಬೆರೆಸಬೇಡಿ

ವಾಟ್ಸಾಪಿನಲ್ಲಿ ಬರುವ ಜಗತ್ತಿನ ಅತಿ ದೊಡ್ಡ ಹೂವಿನ ಫೋಟೋಗಳಲ್ಲಿ ಆಳೆತ್ತರ ಮೀರಿದ, ಕೋಲು ನಿಲ್ಲಿಸಿದಂಥ ಹೂವೂ ಇರುತ್ತದೆ. ಅದು ಅಮಾರ್ಫೋಫಾಲಸ್ ಟೈಟಾನಮ್. ಅದೂ ಸುಮಾತ್ರಾದ್ದೇ, ಅದೂ ನಾರುತ್ತದೆ, ಇಂಡೊನೇಷ್ಯಾದಲ್ಲಿ ಹೆಣದ ಹೂವು ಎಂಬ ಹೆಸರೂ ಇದೆ. ಗೊಂದಲ ಸಹಜ. ಆದರೆ ಎರಡಕ್ಕೂ ಸಂಬಂಧವೇ ಇಲ್ಲ. ಅದು ನಮ್ಮ ಸುವರ್ಣಗೆಡ್ಡೆಯ ಕುಲದ್ದು. ಗೆಡ್ಡೆ ಇದೆ, ದೊಡ್ಡ ಹಸಿರು ಎಲೆ ಇದೆ, ತನ್ನ ಊಟ ತಾನೇ ದುಡಿಯುತ್ತದೆ. ಕಾಣುವುದು ಒಂದು ಹೂವಲ್ಲ, ನೂರಾರು ಸಣ್ಣ ಹೂವು ಕೂತ ಗೊಂಚಲು. ಗದ್ದೆಬದಿಯಲ್ಲಿ ಸುವರ್ಣಗೆಡ್ಡೆ ಹೂಬಿಟ್ಟಾಗ ಏಳುವ ನಾತ ಗೊತ್ತಿದ್ದವರಿಗೆ ಅದರ ಅಣ್ಣನ ನಾತ ಊಹಿಸುವುದು ಕಷ್ಟವಲ್ಲ. ಜಗತ್ತಿನ ಹಲವು ಸಸ್ಯೋದ್ಯಾನಗಳು ಅದನ್ನು ಕುಂಡದಲ್ಲಿ ಬೆಳೆಸಿ, ಅರಳಿದಾಗ ಜನ ಸಾಲು ನಿಂತು ನೋಡುತ್ತಾರೆ.

ರಫ್ಲೇಶಿಯಾದ ವಿಷಯದಲ್ಲಿ ಅದು ನಡೆಯುವುದಿಲ್ಲ. ಅದನ್ನು ಉಳಿಸುವ ಕಷ್ಟವೂ ಅಲ್ಲಿಂದಲೇ ಶುರು.

ಅಳಿವಿನ ಅಂಚಿನ ಗಿಡಕ್ಕೆ ಸಾಮಾನ್ಯವಾಗಿ ಬೀಜ ಸಂಗ್ರಹಿಸಿಡುತ್ತಾರೆ, ನರ್ಸರಿಯಲ್ಲಿ ಸಸಿ ಮಾಡುತ್ತಾರೆ, ಬೇರೆ ಕಾಡಿನಲ್ಲಿ ನೆಡುತ್ತಾರೆ. ರಫ್ಲೇಶಿಯಾಕ್ಕಾದರೆ ಮೊದಲು ಬಳ್ಳಿಯನ್ನೇ ಬೆಳೆಸಬೇಕು. ಟೆಟ್ರಾಸ್ಟಿಗ್ಮಾ ಬಳ್ಳಿ ಬೆಳೆಯಲು ದೊಡ್ಡ ಮರ ಬೇಕು, ಮರಕ್ಕೆ ಕಾಡು ಬೇಕು. ಬಳ್ಳಿಯೊಳಗೆ ಪರಾವಲಂಬಿ ಸೇರಬೇಕು, ಅದು ವರ್ಷಗಟ್ಟಲೆ ಒಳಗೇ ಹಬ್ಬಬೇಕು. ಜಾವಾದ ಬೋಗೋರ್ ಸಸ್ಯೋದ್ಯಾನದವರು ಬೀಜದ ದಾರಿ ಬಿಟ್ಟು ಕಸಿಯ ದಾರಿ ಹಿಡಿದರು. ಕಾಡಿನಲ್ಲಿ ರಫ್ಲೇಶಿಯಾ ಪಟ್ಮಾ ಸೇರಿಕೊಂಡಿದ್ದ ಬಳ್ಳಿಯ ತುಂಡು ತಂದು ಉದ್ಯಾನದ ಬಳ್ಳಿಗೆ ಕಸಿ ಕಟ್ಟಿದರು. ವರ್ಷಗಳ ಕಾಯುವಿಕೆಯ ನಂತರ 2010ರಲ್ಲಿ ಹೂವು ಅರಳಿತು. ಮಾವಿಗೆ ಕಸಿ ಕಟ್ಟುವವರಿಗೆ ಈ ಉಪಾಯ ಕೇಳಿ ಖುಷಿಯಾಗಬಹುದು: ಇಲ್ಲಿ ಕಸಿಯ ಕೊಂಬೆಗಿಂತ ಅದರೊಳಗೆ ಬಚ್ಚಿಟ್ಟುಕೊಂಡು ಬಂದ ಅತಿಥಿಯೇ ಮುಖ್ಯ.

2023ರಲ್ಲಿ ಆಕ್ಸ್‌ಫರ್ಡ್ ಸಸ್ಯೋದ್ಯಾನದ ಕ್ರಿಸ್ ಥೊರೊಗುಡ್ ಮತ್ತು ಆಗ್ನೇಯ ಏಷ್ಯಾದ ಸಂಶೋಧಕರು ಸೇರಿ ಆವರೆಗೆ ಗೊತ್ತಿದ್ದ 42 ಜಾತಿಗಳ ಲೆಕ್ಕ ನೋಡಿದರು. 42ಕ್ಕೆ 42ಕ್ಕೂ ಅಪಾಯ. ಅವುಗಳಲ್ಲಿ 25 ಅತ್ಯಂತ ಗಂಡಾಂತರದಲ್ಲಿವೆ. ಮೂರರಲ್ಲಿ ಎರಡು ಪಾಲು ನೆಲೆಗಳಿಗೆ ಯಾವ ರಕ್ಷಣೆಯೂ ಇಲ್ಲ. ಅಲ್ಲಿಯವರೆಗೆ ಅಳಿವಿನ ಅಪಾಯ ಅಳೆಯುವ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದ್ದದ್ದು ಒಂದೇ ಒಂದು ಜಾತಿ. ಇಂಡೊನೇಷ್ಯಾ 1993ರಲ್ಲೇ ಆರ್ನಾಲ್ಡಿಯನ್ನು ಪದ್ಮ ರಾಕ್ಷಸ ಎಂಬ ಹೆಸರಿನಲ್ಲಿ ತನ್ನ ಮೂರು ರಾಷ್ಟ್ರೀಯ ಹೂವುಗಳಲ್ಲಿ ಒಂದಾಗಿ ಆರಿಸಿಕೊಂಡಿತ್ತು. ಪಟ್ಟ ಕಟ್ಟಿದ್ದು ಹೂವಿಗೆ. ಕಾಡು ಮಾತ್ರ ತಾಳೆ ಎಣ್ಣೆಯ ತೋಟಕ್ಕೂ ಮರದ ವ್ಯಾಪಾರಕ್ಕೂ ಹೋಗುತ್ತಲೇ ಇತ್ತು. ಬಳ್ಳಿ ಕಡಿದವನಿಗೆ ಒಳಗೆ ಇನ್ನೊಂದು ಗಿಡ ಇತ್ತು ಎಂಬುದೇ ತಿಳಿದಿರುವುದಿಲ್ಲ.

ಕಾವಲಿಗಿಂತ ದುಡ್ಡು ಕೆಲಸ ಮಾಡಿದ ಜಾಗವೂ ಇದೆ. ಮಲೇಷ್ಯಾದ ಸಬಾ ರಾಜ್ಯದಲ್ಲಿ, ಕಿನಬಾಲು ಬೆಟ್ಟದ ತಪ್ಪಲಿನ ಪೋರಿಂಗ್ ಸುತ್ತಮುತ್ತ, ರಫ್ಲೇಶಿಯಾ ಕೀಥಿಯೈ ಇರುವುದು ಹಳ್ಳಿಗರ ಸ್ವಂತ ಜಮೀನಿನಲ್ಲಿ. ಮೊದಲು ಅದರ ಗೊಡವೆಗೆ ಯಾರೂ ಹೋಗುತ್ತಿರಲಿಲ್ಲ. ಈಗ ಹೂವು ಅರಳಿದ ದಿನ ರಸ್ತೆ ಬದಿಯಲ್ಲಿ ಬೋರ್ಡ್ ನಿಲ್ಲಿಸುತ್ತಾರೆ, ಬಂದವರಿಂದ ಟಿಕೆಟ್ ದುಡ್ಡು ಪಡೆದು ತೋರಿಸುತ್ತಾರೆ. ಮೊಗ್ಗಿನ ಸುತ್ತ ಬೇಲಿ ಹಾಕುತ್ತಾರೆ, ಬಳ್ಳಿ ಹತ್ತಿದ ಮರ ಕಡಿಯುವುದಿಲ್ಲ. ಔಷಧಿಗೆ ಮಾರಿದರೆ ಮೊಗ್ಗಿಗೆ ಒಂದೇ ಸಲ ಹಣ. ಬಳ್ಳಿ ಉಳಿಸಿದರೆ ಮತ್ತೆ ಮತ್ತೆ. ಸರ್ಕಾರಿ ಫಲಕಗಳಿಗಿಂತ ಈ ಲೆಕ್ಕ ಜನರಿಗೆ ಬೇಗ ಹತ್ತಿದೆ.

ಮಲೇಷ್ಯಾ ಪ್ರವಾಸಕ್ಕೆ ಹೋಗುವವರು ಯಾರಾದರೂ ಇದನ್ನು ನೋಡಬೇಕೆಂದಿದ್ದರೆ, ಮೊದಲೇ ದಿನ ಗೊತ್ತು ಮಾಡಿಕೊಂಡು ಹೋಗಿ ಪ್ರಯೋಜನವಿಲ್ಲ. ಸಬಾದ ತಂಬುನಾನ್ ಬಳಿ ರಫ್ಲೇಶಿಯಾ ಮಾಹಿತಿ ಕೇಂದ್ರ ಇದೆ, ಸರವಾಕ್‌ನ ಗುನುಂಗ್ ಗಾಡಿಂಗ್ ರಾಷ್ಟ್ರೀಯ ಉದ್ಯಾನವೂ ಇದಕ್ಕೇ ಹೆಸರುವಾಸಿ. ಫೋನ್ ಮಾಡಿ, ಅರಳಿದೆಯಾ ಎಂದು ಕೇಳಿ, ಅರಳಿದೆ ಎಂದರೆ ಮಾರನೆಯ ದಿನವೇ ಹೊರಡಿ. ಹೋದಮೇಲೆ ಹಲಗೆ ದಾರಿ ಬಿಟ್ಟು ಇಳಿಯಬೇಡಿ. ಫೋಟೋಕ್ಕೆಂದು ಹೂವಿನ ಪಕ್ಕ ಕೂರುವಾಗ ಜನ ತುಳಿಯುವುದು ಹೂವನ್ನಲ್ಲ, ತರಗೆಲೆಯ ಕೆಳಗೆ ಹರಿದಿರುವ ಆ ಎರಡು ಬೆರಳು ದಪ್ಪದ ಬೇರನ್ನು ಮತ್ತು ಅದರ ಮೇಲೆ ಆಗಷ್ಟೇ ಎದ್ದಿರುವ, ಮುಂದಿನ ವರ್ಷ ಅರಳಬೇಕಾದ ಗಂಟುಗಳನ್ನು.